ಒಂದೇ ಸರ್ವರ್, ಮೂರು ಡೊಮೇನ್: ಯಾವುದು ಮನೆ, ಯಾವುದು ಬಾಗಿಲು?

ನಮಸ್ಕಾರ. ಹಾವೇರಿಯಿಂದ ಕೇಳಿದ್ದೀರಿ: ಬಾಡಿಗೆಯ ಒಂದು ಸಣ್ಣ ಸರ್ವರ್ ಇದೆ, ಅದರಲ್ಲಿ ನೀವೇ ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ಸಾಫ್ಟ್‌ವೇರ್) ಹಾಕಿಕೊಂಡಿದ್ದೀರಿ, ಕೈಯಲ್ಲಿ ಮೂರು ಡೊಮೇನ್, ಅಂದರೆ ವೆಬ್‌ಸೈಟ್ ಹೆಸರುಗಳು ಇವೆ. ಎರಡು ನಿಮ್ಮ ಊರಿನ ಹೆಸರಿನವೇ, ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಬೇರೆ. ಮೂರನೆಯದು ನಿಮ್ಮ ಅಕ್ಕ ಅಡುಗೆ ಬಗ್ಗೆ ಬರೆಯೋದಕ್ಕೆ. ಮೂರನ್ನೂ ಅದೇ ಸರ್ವರ್ ಮೇಲೆ ನಡೆಸಬಹುದಾ?

ನಡೆಸಬಹುದು. ನಾನು ಧಾರವಾಡದಲ್ಲಿ ಕೂತು ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆದರೆ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಪ್ರತಿ ಹೆಸರಿನ ಎದುರು ಒಂದು ಮಾತು ಬರೆದುಕೊಳ್ಳಿ: ಇದು ಮನೆಯಾ, ಬಾಗಿಲಾ? ಒಂದು ಮನೆಗೆ ಎರಡು ಬಾಗಿಲು ಇರಬಹುದು. ವಿಳಾಸ ಮಾತ್ರ ಒಂದೇ ಇರಬೇಕು. ನಿಮ್ಮ ಎರಡು ಸ್ಪೆಲ್ಲಿಂಗ್‌ಗಳಲ್ಲಿ ಒಂದು ಮನೆ, ಇನ್ನೊಂದು ಅದರ ಬಾಗಿಲು. ಅಕ್ಕನದು ಬೇರೆಯೇ ಮನೆ.

ನಮ್ಮ ಕಡೆ ಈ ಸ್ಪೆಲ್ಲಿಂಗ್ ತೊಡಕು ಜಾಸ್ತಿ. 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಬಂತು. ಇವತ್ತಿಗೂ ಎರಡೂ ಓಡಾಡುತ್ತಿವೆ. ಬ್ಯಾಡಗಿಯನ್ನೂ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಅಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಕಾಕಾ ಎರಡು ಸ್ಪೆಲ್ಲಿಂಗ್ ಕೊಂಡಿದ್ದರು. ಮೆಣಸಿನಕಾಯಿಯಲ್ಲಿ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು, ಒಣಗಿಸೋದು ಹೇಗೆ ಅಂತ ಬಹಳ ಚೆನ್ನಾಗಿ ಬರೆಯುತ್ತಾರೆ. ಅವರದು ವರ್ಡ್‌ಪ್ರೆಸ್ ಅಲ್ಲ, ಬರೀ ಎಚ್‌ಟಿಎಂಎಲ್ ಪುಟಗಳು. ನಾನು ಎರಡೂ ಹೆಸರನ್ನು ಅದೇ ಪುಟಗಳಿಗೆ ಜೋಡಿಸಿ ಸುಮ್ನೆ ಬಿಟ್ಟೆ. ಯಾವ ಹೆಸರು ಹಾಕಿದರೂ ಬರಹ ತೆರೆಯುತ್ತಿತ್ತು, ಸರಿ ಇದೆ ಅಂದುಕೊಂಡೆ. ಸರಿ ಇರಲಿಲ್ಲ. ಜನ ವಾಟ್ಸಾಪ್‌ನಲ್ಲಿ ಒಮ್ಮೆ ಈ ಲಿಂಕ್, ಒಮ್ಮೆ ಆ ಲಿಂಕ್ ಹಂಚಿದರು. ಒಂದೇ ಬರಹ ಎರಡು ಕಡೆ ಕಂಡರೆ ಗೂಗಲ್ ಅದರಲ್ಲಿ ಒಂದನ್ನು ತಾನೇ ಆರಿಸಿಕೊಳ್ಳುತ್ತದೆ. ಅದು ಆರಿಸಿದ್ದು ಕಾಕಾಗೆ ಬೇಡವಾಗಿದ್ದ ಸ್ಪೆಲ್ಲಿಂಗ್.

ಇದಕ್ಕೆ ಮದ್ದು 301 ರೀಡೈರೆಕ್ಟ್. ‘ಈ ವಿಳಾಸ ಕಾಯಂ ಆಗಿ ಅಲ್ಲಿಗೆ ಹೋಗಿದೆ’ ಅಂತ ಬ್ರೌಸರ್‌ಗೂ ಗೂಗಲ್‌ಗೂ ತಿಳಿಸುವ ಸಂಖ್ಯೆ ಅದು. ವರ್ಡ್‌ಪ್ರೆಸ್ ಬಹಳ ಸಲ ತಾನೇ ಓದುಗರನ್ನು ಸೈಟ್ ಅಡ್ರೆಸ್ ಸೆಟ್ಟಿಂಗ್‌ನಲ್ಲಿರುವ ಹೆಸರಿಗೆ ಕಳಿಸುತ್ತದೆ. ಆದರೂ ನಾನು ರೀಡೈರೆಕ್ಟನ್ನು ಎಂಜಿನ್‌ಎಕ್ಸ್‌ನಲ್ಲೇ (ಸರ್ವರ್‌ನಿಂದ ಪುಟಗಳನ್ನು ಕಳಿಸುವ ಸಾಫ್ಟ್‌ವೇರ್) ಬರೆಯುತ್ತೇನೆ. ಅಷ್ಟು ಸಣ್ಣ ಕೆಲಸಕ್ಕೆ ಡೇಟಾಬೇಸ್‌ವರೆಗೆ ಹೋಗೋದು ಯಾಕೆ? ಒಂದು ಎಚ್ಚರ: ಎಲ್ಲರನ್ನೂ ಮುಖಪುಟಕ್ಕೆ ಕಳಿಸಬೇಡಿ. ಒಂದು ಬರಹದ ಲಿಂಕ್ ಒತ್ತಿದವರು ಹೊಸ ಹೆಸರಿನಲ್ಲೂ ಅದೇ ಬರಹಕ್ಕೆ ಹೋಗಬೇಕು. ಇನ್ನೊಂದು, ಬಾಗಿಲಿನ ಹೆಸರಿಗೂ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ದಾಖಲೆ) ಬೇಕು. ಬ್ರೌಸರ್ ಮೊದಲು ಸರ್ಟಿಫಿಕೇಟ್ ನೋಡುತ್ತದೆ, ರೀಡೈರೆಕ್ಟ್ ಮಾತು ಕೇಳೋದು ಆಮೇಲೆ. ಅದಿಲ್ಲದಿದ್ದರೆ ಓದುಗರಿಗೆ ಕಾಣೋದು ಕೆಂಪು ಎಚ್ಚರಿಕೆಯಷ್ಟೇ.

ಒಂದೇ ಐಪಿ ಅಡ್ರೆಸ್ (ಸರ್ವರ್‌ನ ಅಂಕಿಯ ವಿಳಾಸ) ಮೇಲೆ ಇಷ್ಟು ಹೆಸರು ಹೇಗೆ ನಿಲ್ಲುತ್ತವೆ ಅಂತ ನಿಮಗೆ ಅನುಮಾನ ಇದ್ದಂತಿದೆ. ಬ್ರೌಸರ್ ಬರುವಾಗಲೇ ತನಗೆ ಯಾವ ಹೆಸರು ಬೇಕು ಅಂತ ಹೇಳುತ್ತದೆ. ಸರ್ವರ್ ತನ್ನ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿಗೆ ಬರೆದಿರುವ ಭಾಗ, ಅಂದರೆ ಬ್ಲಾಕ್ ಹುಡುಕಿ ತೆರೆಯುತ್ತದೆ. ಹೆಸರು ಎಲ್ಲೂ ಸಿಗದಿದ್ದರೆ, ನೀವು ಬೇರೆ ಹೇಳದ ಹೊರತು, ಎಂಜಿನ್‌ಎಕ್ಸ್ ಮೊದಲ ಬ್ಲಾಕನ್ನೇ ತೆರೆಯುತ್ತದೆ. ಅಕ್ಕನ ಡೊಮೇನ್ ಹಾಕಿದಾಗ ನಿಮ್ಮ ಬರಹ ಕಂಡರೆ ಅಲ್ಲಿ ಹೆಸರು ತಪ್ಪಾಗಿದೆ ಅಂತಲೇ ಅರ್ಥ. ಡಿಎನ್‌ಎಸ್‌ನಲ್ಲಿ (ಯಾವ ಹೆಸರು ಯಾವ ಸರ್ವರ್‌ನದು ಅಂತ ಹೇಳುವ ವ್ಯವಸ್ಥೆ) ಮೂಲ ಡೊಮೇನ್‌ಗೆ ಎ ರೆಕಾರ್ಡ್ ಹಾಕಿ, ಅಂದರೆ ನೇರ ಐಪಿ ಅಡ್ರೆಸ್ ಕೊಡುವ ಸಾಲು. ಅಲ್ಲಿ ಸಿನೇಮ್, ಅಂದರೆ ಇನ್ನೊಂದು ಹೆಸರನ್ನು ತೋರಿಸುವ ಸಾಲು, ನಡೆಯೋದಿಲ್ಲ. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದಕ್ಕೆ ಸಿನೇಮ್ ಸಾಕು. ಎಂಎಕ್ಸ್ ಸಾಲು ಇದ್ದರೆ ಮುಟ್ಟಬೇಡಿ, ಅದು ಮೇಲ್‌ನದು.

ಈಗ ಅಕ್ಕನ ಮನೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ವರ್ಡ್‌ಪ್ರೆಸ್‌ನಲ್ಲಿ ಮಲ್ಟಿಸೈಟ್ ಅನ್ನೋ ಸೌಲಭ್ಯ, ಅಂದರೆ ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ಸೈಟ್ ನಡೆಸೋದು, 2010ರಿಂದ ಇದೆ, 3.0 ಆವೃತ್ತಿಯಲ್ಲಿ ಬಂತು. 2016ರ 4.5 ಆವೃತ್ತಿಯಿಂದ ಪ್ಲಗಿನ್ (ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಇಲ್ಲದೆಯೇ ಪ್ರತಿ ಸೈಟ್‌ಗೆ ಬೇರೆ ಡೊಮೇನ್ ಕೊಡಬಹುದು. ನೆಟ್‌ವರ್ಕ್ ಅಡ್ಮಿನ್‌ನಲ್ಲಿ ಆ ಸೈಟ್‌ನ ಅಡ್ರೆಸ್ ಬದಲಿಸಿದರೆ ಆಯಿತು. ಲಾಗಿನ್ ಆಗುವಾಗ ಕುಕಿ (ಲಾಗಿನ್ ನೆನಪಿಡಲು ಬ್ರೌಸರ್ ಇಟ್ಟುಕೊಳ್ಳುವ ಚೂರು ಮಾಹಿತಿ) ತಕರಾರು ಬಂದರೆ, ಕಾನ್ಫಿಗ್ ಫೈಲ್‌ನಲ್ಲಿ ಕುಕಿ ಡೊಮೇನ್ ಬಂದ ಹೆಸರನ್ನೇ ತೆಗೆದುಕೊಳ್ಳುವ ಹಾಗೆ ಒಂದು ಸಾಲು ಸೇರಿಸಬೇಕು. ಎಲ್ಲವೂ ನಿಮ್ಮದೇ ಬರಹ ಆಗಿದ್ದರೆ ಇದು ಒಳ್ಳೆಯ ದಾರಿ.

ಇನ್ನೊಬ್ಬರ ಬರಹ ಇದ್ದರೆ ನಾನು ಬೇಡ ಅನ್ನುತ್ತೇನೆ. ಗದಗಿನ ಗೆಳೆಯರೊಬ್ಬರು ಬೆಟಗೇರಿ ಸೀರೆಗಳ ಬಗ್ಗೆ ನನ್ನ ಮಲ್ಟಿಸೈಟ್‌ನಲ್ಲೇ ಬರೆಯುತ್ತಿದ್ದರು. ಆಮೇಲೆ ಅವರಿಗೆ ತಮ್ಮದೇ ಸರ್ವರ್ ಬೇಕೆನಿಸಿತು. ಅದು ಅವರ ಹಕ್ಕು. ಆದರೆ ಬಿಡಿಸಿಕೊಡಲು ನನಗೆ ಎರಡು ಭಾನುವಾರ ಹೋದವು. ಮಲ್ಟಿಸೈಟ್‌ನಲ್ಲಿ ಬರಹಗಳ ಟೇಬಲ್‌ಗಳು ಬೇರೆ ಬೇರೆ ಇದ್ದರೂ ಬಳಕೆದಾರರ ಟೇಬಲ್ ಎಲ್ಲರಿಗೂ ಒಂದೇ. ಚಿತ್ರಗಳ ಫೋಲ್ಡರ್ ದಾರಿಯೂ ಬೇರೆ. ಬರಹದೊಳಗಿನ ಪ್ರತಿ ಚಿತ್ರದ ವಿಳಾಸ ಬದಲಿಸಬೇಕಾಯಿತು. ಅಕ್ಕ ಹತ್ತು ವರ್ಷ ಬರೆದ ಮೇಲೆ ಅದು ಅವರ ಆಸ್ತಿ, ಅಲ್ವಾ? ಅವರಿಗೆ ಪ್ರತ್ಯೇಕ ಫೋಲ್ಡರ್, ಪ್ರತ್ಯೇಕ ಡೇಟಾಬೇಸ್, ಪ್ರತ್ಯೇಕ ವರ್ಡ್‌ಪ್ರೆಸ್ ಹಾಕಿಕೊಡಿ. ಅಪ್‌ಡೇಟ್ ಎರಡು ಸಲ ಮಾಡಬೇಕಾಗುತ್ತದೆ ನಿಜ. ಆದರೆ ನಿಮ್ಮದೊಂದು ಪ್ಲಗಿನ್ ಕೆಟ್ಟರೆ ಅವರ ಪುಟ ಬೀಳೋದಿಲ್ಲ. ಘೋಸ್ಟ್ ಅನ್ನೋ ಇನ್ನೊಂದು ಬ್ಲಾಗ್ ಸಾಫ್ಟ್‌ವೇರ್ ಬಳಸುವವರಿಗೆ ಈ ಯೋಚನೆಯೇ ಇಲ್ಲ, ಅಲ್ಲಿ ಒಂದು ಇನ್‌ಸ್ಟಾಲ್‌ಗೆ ಒಂದೇ ಸೈಟ್.

ಅದೇ ಗೆಳೆಯರು ಹೋದಾಗ ಇನ್ನೊಂದು ಪಾಠ ಆಯಿತು. ನಾನು ಎಲ್ಲ ಹೆಸರನ್ನೂ, ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಒಂದೇ ಸರ್ಟಿಫಿಕೇಟ್‌ನಲ್ಲಿ ಸೇರಿಸಿದ್ದೆ. ಒಂದರಲ್ಲಿ 100 ಹೆಸರಿನವರೆಗೆ ಹಿಡಿಯುತ್ತದೆ, ಆದ್ದರಿಂದ ಸುಲಭ ಅನಿಸಿತ್ತು. ಅವಧಿ ಆಗ 90 ದಿನ ಇತ್ತು. ಅವರ ಡೊಮೇನ್ ಬೇರೆ ಸರ್ವರ್‌ಗೆ ಹೋದ ಮೇಲೆ ಆ ಒಂದು ಹೆಸರು ನನ್ನ ಸರ್ವರ್‌ನದೇನಾ ಅಂತ ಅವರು ಮಾಡುವ ಪರೀಕ್ಷೆ ಫೇಲ್ ಆಗುತ್ತಾ ಬಂತು, ಇಡೀ ಸರ್ಟಿಫಿಕೇಟ್ ನವೀಕರಣ ನಿಂತಿತು. ನಾನು ಗಮನಿಸಲಿಲ್ಲ. ಒಂದು ಬೆಳಿಗ್ಗೆ ಎಲ್ಲ ಸೈಟ್‌ಗಳ ಮೇಲೂ ಎಚ್ಚರಿಕೆ ಪುಟ. ಕಾಕಾ ಫೋನ್ ಮಾಡಿ ‘ಏನಾತೋ ತಮ್ಮಾ?’ ಅಂದಾಗಲೇ ಗೊತ್ತಾಗಿದ್ದು. ಈಗ ಪ್ರತಿ ಮನೆಗೆ ಒಂದು ಸರ್ಟಿಫಿಕೇಟ್, ಅದರಲ್ಲಿ ಆ ಮನೆಯ ಬಾಗಿಲುಗಳು ಮಾತ್ರ. ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಬೇಡಿ, ಸಾಮಾನ್ಯವಾಗಿ ಪರೀಕ್ಷೆ ನಡೆಯೋದು ಅಲ್ಲೇ. ಮೊದಲು ಡ್ರೈ ರನ್, ಅಂದರೆ ಬರೀ ಪ್ರಯೋಗ ಮಾಡಿ ನೋಡಿ, ಮೇಲಿಂದ ಮೇಲೆ ಫೇಲ್ ಆದರೆ ಲೆಟ್ಸ್ ಎನ್‌ಕ್ರಿಪ್ಟ್‌ನವರು ಸ್ವಲ್ಪ ಹೊತ್ತು ತಡೆಹಿಡಿಯುತ್ತಾರೆ.

ಅಕ್ಕನಿಗೆ ಕನ್ನಡ ಲಿಪಿಯ ಹೆಸರೇ ಬೇಕು ಅಂದರೆ ಅದೂ ಆಗುತ್ತದೆ, ಡಾಟ್ ಭಾರತ ಅನ್ನೋದು ನಮ್ಮ ಲಿಪಿಯಲ್ಲೂ ಇದೆ. ಆದರೆ ಡಿಎನ್‌ಎಸ್‌ಗೆ ಕನ್ನಡ ಅಕ್ಷರ ತಿಳಿಯೋದಿಲ್ಲ. ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಪ್ಯೂನಿಕೋಡ್ ರೂಪ ಸಿಗುತ್ತದೆ. ಸರ್ವರ್ ಬ್ಲಾಕ್‌ನಲ್ಲಿ ಅದನ್ನೇ ಬರೆಯಬೇಕು.

ಹೆಸರು ಬದಲಿಸುವ ಹಿಂದಿನ ದಿನ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕು ಅನ್ನೋ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ, ತಪ್ಪಾದರೂ ಬೇಗ ಹಿಂದೆ ಬರಬಹುದು. ಎಲ್ಲ ಮುಗಿದ ಮೇಲೆ ‘ಇನ್ನು ಎರಡನೇ ಸ್ಪೆಲ್ಲಿಂಗ್ ಯಾಕೆ ಬೇಕು’ ಅಂತ ಅದನ್ನು ಬಿಟ್ಟುಬಿಡಬೇಡಿ. ಬಿಟ್ಟ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಕಾಕಾ ಅವರ ಹಳೆಯ ಸ್ಪೆಲ್ಲಿಂಗ್ ಮೆಣಸಿನಕಾಯಿ ಚೀಲಗಳ ಮೇಲೆ ಅಚ್ಚಾಗಿ ಊರೂರಿಗೆ ಹೋಗಿದೆ. ಆ ಹೆಸರಿಗೆ ಪ್ರತಿ ವರ್ಷ ಹಣ ಕಟ್ಟುತ್ತಿದ್ದೇವೆ.