ಸಾಲದ ಮಿತಿ ಏರಿಸುವುದು ಎಂದರೆ ಹೊಸ ಖರ್ಚಲ್ಲ

ಅಮೆರಿಕದಲ್ಲಿ ಸಾಲದ ಮಿತಿ ಏರಿಸಿದರೆ ಸರ್ಕಾರಕ್ಕೆ ಬೇಕಾದಷ್ಟು ಖರ್ಚು ಮಾಡಲು ಒಪ್ಪಿಗೆ ಸಿಕ್ಕಂತೆ ಅಲ್ವಾ ಎಂದು ಕೇಳಿದ್ದೀರಿ. ಹಾಗಲ್ಲ. ಖರ್ಚು ಎಷ್ಟು, ತೆರಿಗೆ ಎಷ್ಟು ಎಂದು ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಬೇರೆ ಕಾಯ್ದೆಗಳಲ್ಲಿ ಮೊದಲೇ ತೀರ್ಮಾನಿಸಿರುತ್ತದೆ. ನಡುವೆ ಬೀಳುವ ಕೊರತೆಗೆ ಖಜಾನೆ ಸಾಲ ಮಾಡಬೇಕು. ಮಿತಿ ಇರುವುದು ಆ ಸಾಲಕ್ಕೆ. ಅಂಗಡಿಯಿಂದ ಅಕ್ಕಿ ಬೇಳೆ ಉದ್ರಿ ತಂದು, ಬೇಯಿಸಿ ಉಂಡಾದ ಮೇಲೆ, ಬಾಕಿ ಕೊಡೋಣವೋ ಬೇಡವೋ ಎಂದು ಮನೆಯಲ್ಲಿ ಕಿತ್ತಾಡಿದ ಹಾಗೆ ಇದು.

2011ರಲ್ಲಿ ಈ ಜಗಳ ತೀರಾ ಅಂಚಿಗೆ ಹೋಯಿತು. ಅಧ್ಯಕ್ಷರು ಒಬಾಮಾ, ಕೆಳಮನೆ ರಿಪಬ್ಲಿಕನ್ನರ ಕೈಯಲ್ಲಿ. ಆಗಸ್ಟ್ 2ಕ್ಕೆ ಹೇಗೋ ಮಿತಿ ಏರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಮೂರೇ ದಿನಕ್ಕೆ ಸಾಲಗಾರರು ಎಷ್ಟು ನಂಬಿಗಸ್ತರು ಎಂದು ಅಳೆಯುವ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ರೇಟಿಂಗನ್ನು ಇಳಿಸಿಬಿಟ್ಟಿತು. ಅದಕ್ಕೂ ಮುಂಚೆ ಆ ಸಂಸ್ಥೆ ಹಾಗೆ ಮಾಡಿರಲೇ ಇಲ್ಲ.

ಒಂದೇ ಪಕ್ಷವನ್ನು ದೂರಬೇಡಿ. 2006ರಲ್ಲಿ, ಬುಷ್ ಕಾಲದಲ್ಲಿ, ಸೆನೆಟರ್ ಆಗಿದ್ದ ಒಬಾಮಾ ಏರಿಕೆಯ ವಿರುದ್ಧ ಮತ ಹಾಕಿದ್ದರು. ಅದು ತಪ್ಪಾಗಿತ್ತು ಎಂದು ಆಮೇಲೆ ಒಪ್ಪಿಕೊಂಡರು. ಇತ್ತ ರಿಪಬ್ಲಿಕನ್ನರು 2025ರ ಜುಲೈನಲ್ಲಿ ತೆರಿಗೆ ಕಡಿತದ ಕಾಯ್ದೆಯಲ್ಲೇ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿದರು. ಮಿತಿ ಏರದಿದ್ದರೆ ಹಣ ನಿಲ್ಲಬಹುದು ಎಂದು ಪಿಂಚಣಿಗೆ ಕಾಯುವ ಮುದುಕರನ್ನು ಹೀಗೆ ಸುಮ್ನೆ ಹೆದರಿಸುವುದು ನನಗಂತೂ ಸರಿ ಕಾಣುವುದಿಲ್ಲ. ಈ ಮಿತಿಯನ್ನೇ ತೆಗೆದುಹಾಕಬೇಕು.

ಅಂದಹಾಗೆ, ಶಟ್‌ಡೌನ್ ಬೇರೆಯದೇ ವಿಷಯ. ಅಕ್ಟೋಬರ್ 1ಕ್ಕೆ ಅವರ ಹಣಕಾಸು ವರ್ಷ ಶುರು. ಅಷ್ಟರೊಳಗೆ ಇಲಾಖೆಗಳಿಗೆ ಹಣ ಮಂಜೂರಾಗದಿದ್ದರೆ, ಅಥವಾ ಸದ್ಯಕ್ಕೆಂದು ಕೊಟ್ಟ ಮಂಜೂರಾತಿಯ ಅವಧಿ ನಡುವೆ ಮುಗಿದರೆ, ಕಚೇರಿಗಳು ಮುಚ್ಚುತ್ತವೆ. 2018ರ ಡಿಸೆಂಬರಿನಲ್ಲಿ ಶುರುವಾದದ್ದು 35 ದಿನ ನಡೆಯಿತು. ವಿಮಾನ ನಿಲ್ದಾಣದ ತಪಾಸಣೆ ಸಿಬ್ಬಂದಿ ಅಷ್ಟು ದಿನವೂ ಸಂಬಳವಿಲ್ಲದೆ ದುಡಿದರು.