ಪರದೆಯ ಆಚೆ ಕೂತವರಿಗೆ ಏನು ಕೇಳುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಪಾಶ್ಚಾತ್ಯ ಸಂಗೀತದಲ್ಲಿ ಮಾಸ್ಟರ್ಸ್ ಮಾಡಲು ಅರ್ಜಿ ಹಾಕಿದವರು, ಆಡಿಷನ್ ಅನ್ನು ಮನೆಯಿಂದಲೇ ಕೊಡಬೇಕಾದವರು ಬರೆದಿದ್ದಾರೆ. ನಾನು ಸೆಲ್ಲೊ (ಪಿಟೀಲಿನ ಜಾತಿಯ, ಕೂತು ನುಡಿಸುವ ದೊಡ್ಡ ವಾದ್ಯ) ನುಡಿಸುತ್ತೇನೆ, ಕಲಿಸುತ್ತೇನೆ. ಕೆಲವು ವರ್ಷ ಆಯ್ಕೆ ಸಮಿತಿಯಲ್ಲಿ ಕೂತು ಪರದೆಯ ಮೇಲೆ ಆಡಿಷನ್ ಕೇಳಿದ್ದೇನೆ. ನನ್ನ ವಿದ್ಯಾರ್ಥಿಗಳು ಇನ್ನೊಂದು ತುದಿಯಲ್ಲಿ ಒದ್ದಾಡುವುದನ್ನೂ ನೋಡಿದ್ದೇನೆ. ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸೆಲ್ಲೊ ವಿದ್ಯಾರ್ಥಿನಿ. ಫೆಬ್ರವರಿಯಲ್ಲಿ ಝೂಮ್ ಮೂಲಕ ಲೈವ್ ಆಡಿಷನ್ ಇದೆ. ಬಾಖ್ ಸೂಟ್‌ನ (ಕುಣಿತದ ತುಂಡುಗಳ ಸರಣಿ) ಎರಡು ಭಾಗ, ದ್ವೋರ್ಝಾಕ್ ಕನ್ಚರ್ಟೊದ (ಸೆಲ್ಲೊಗೂ ವಾದ್ಯವೃಂದಕ್ಕೂ ಬರೆದ ಕೃತಿ) ಮೊದಲ ಭಾಗ ನುಡಿಸಬೇಕು. ದಿನಕ್ಕೆ ಐದು ಗಂಟೆ ಅಭ್ಯಾಸ ಮಾಡುತ್ತಿದ್ದೇನೆ. ಮೊನ್ನೆ ಗೆಳತಿಗೆ ವಿಡಿಯೊ ಕಾಲ್‌ನಲ್ಲಿ ನುಡಿಸಿದೆ. "ನಿನ್ನ ದನಿ ನಡುನಡುವೆ ಮಾಯವಾಗುತ್ತೆ, ಜೋರೂ ಮೆಲ್ಲಗೂ ಒಂದೇ ಥರ ಕೇಳುತ್ತೆ" ಎಂದಳು. ಇದು ನನ್ನ ಕೈಯ ತಪ್ಪಾ, ಇಂಟರ್‌ನೆಟ್‌ನ ತಪ್ಪಾ?

ಉತ್ತರ: ಎರಡೂ ಅಲ್ಲಮ್ಮ. ವಿಡಿಯೊ ಕಾಲ್ ಇರುವುದು ಮುಖ್ಯವಾಗಿ ಮಾತಿಗೆ. ಮಾತಿನ ದನಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫ್ಯಾನಿನ ಸದ್ದು ಬದಲಾಗುವುದಿಲ್ಲ. ಹಾಗಾಗಿ ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಎಂದು ತಿಳಿದು ಅದು ಅಳಿಸಿಹಾಕುತ್ತದೆ. ನೀವು ಕಮಾನನ್ನು ನಿಧಾನವಾಗಿ ಎಳೆದು, ನಡುಕವಿಲ್ಲದೆ ಹಿಡಿದ ಉದ್ದನೆಯ ಸ್ವರವೂ ಅದರ ಲೆಕ್ಕದಲ್ಲಿ ಫ್ಯಾನೇ. ಜೊತೆಗೆ ಮೈಕಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಏರ್ಪಾಡೂ ಇರುತ್ತದೆ. ನೀವು ಮೆಲ್ಲಗೆ ನುಡಿಸಿದರೆ ಅದು ಏರಿಸುತ್ತದೆ, ಜೋರಾದರೆ ತಗ್ಗಿಸುತ್ತದೆ. ತಿಂಗಳುಗಟ್ಟಲೆ ತಿದ್ದಿಕೊಂಡ ಏರಿಳಿತ ಆಚೆ ಕಡೆ ಚಪ್ಪಟೆಯಾಗುತ್ತದೆ.

ನಾನು ಮೊದಲ ಸಲ ಪರದೆಯ ಆಡಿಷನ್‌ಗೆ ಕೂತ ದಿನ ಒಬ್ಬ ಹುಡುಗ ಸಾರಬಾಂಡ್ ನುಡಿಸಿದ. ನಿಮಗೆ ಗೊತ್ತಲ್ಲ, ಅದು ಮೂರೆಣಿಕೆಯ ನಿಧಾನದ ಕುಣಿತ. ಭಾರ ಎರಡನೇ ಎಣಿಕೆಯ ಮೇಲೆ. ಆ ಎರಡನೇ ಎಣಿಕೆಯ ಸ್ವರ ಪ್ರತಿ ಸಲವೂ ಹುಟ್ಟಿ ಅರ್ಧದಲ್ಲೇ ಕರಗಿಹೋಗುತ್ತಿತ್ತು. ಕಮಾನು ತಂತಿಯ ಮೇಲೆ ಹೋಗುತ್ತಿದೆ, ಎಡಗೈ ಬೆರಳು ತೂಗುತ್ತಿದೆ, ಆದರೆ ಸದ್ದಿಲ್ಲ. ನಿಲ್ಲಿಸಿ, ಸೆಟ್ಟಿಂಗ್ ಬದಲಿಸಿ ಎಂದು ಹೇಳಿದೆವು. ಅದು ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನಿಗಿದ್ದ ಹದಿನೈದು ನಿಮಿಷದಲ್ಲಿ ನಾಲ್ಕು ನಿಮಿಷ ಹುಡುಕಾಟದಲ್ಲೇ ಹೋಯಿತು. ಮತ್ತೆ ನುಡಿಸಲು ಕೂತಾಗ ಅವನ ಕೈ ಬಿಗಿದುಕೊಂಡಿತ್ತು, ಅದು ಪ್ರತಿ ಸ್ವರದಲ್ಲೂ ಕೇಳಿಸಿತು. ಒಳ್ಳೆಯ ವಾದಕ ಅವನು. ಇವತ್ತಿಗೂ ಆ ಮುಖ ನೆನಪಾದರೆ ಸಂಕಟವಾಗುತ್ತದೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಝೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಅಂತ ಇದೆ. ಅದನ್ನು ಆರಿಸಿ. ಅದರ ಕೆಳಗೇ ಬರುವ 'ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್' ಅನ್ನೂ ಹಾಕಿ. 'ಎಕೋ ಕ್ಯಾನ್ಸಲೇಷನ್' ತೆಗೆಯಿರಿ. ಮೈಕಿನ ಮಟ್ಟವನ್ನು ತಾನೇ ಹೊಂದಿಸುವ ಗುರುತನ್ನೂ ತೆಗೆಯಿರಿ. ಇಷ್ಟಾದರೆ ಸಾಲದು. ಮೀಟಿಂಗ್ ಒಳಗೆ ಬಂದ ಮೇಲೆ ಒರಿಜಿನಲ್ ಸೌಂಡ್ 'ಆನ್' ಎಂದು ತೋರಿಸುತ್ತಿದೆಯೇ ಅಂತ ಪ್ರತಿ ಸಲವೂ ನೋಡಬೇಕು. ನಾನು ಕಂಡಂತೆ ಜನ ತಪ್ಪುವುದು ಇಲ್ಲೇ. ಮನೆಯಲ್ಲಿ ಸೆಟ್ಟಿಂಗ್ ಸರಿ ಮಾಡಿರುತ್ತಾರೆ, ಆ ದಿನ ಗುಂಡಿ ಒತ್ತಲು ಮರೆತಿರುತ್ತಾರೆ.

ಎಕೋ ಕ್ಯಾನ್ಸಲೇಷನ್ ತೆಗೆದರೆ ಸಮಿತಿಯವರ ಮಾತು ನಿಮ್ಮ ಸ್ಪೀಕರ್‌ನಿಂದ ನಿಮ್ಮ ಮೈಕಿಗೆ ಹೋಗಿ ಅವರಿಗೇ ವಾಪಸ್ ಕೇಳುತ್ತದೆ. ಅದಕ್ಕೆ ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ, ಒಂದೇ ಕಿವಿಗೆ. ಇನ್ನೊಂದು ಕಿವಿ ನಿಮ್ಮ ಸೆಲ್ಲೊಗೆ ಬೇಕು. ಬ್ಲೂಟೂತ್ ಹೆಡ್‌ಸೆಟ್ ಬೇಡ. ಅದರ ಮೈಕ್ ಕೆಲಸ ಶುರುಮಾಡಿದೊಡನೆ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಇಂಟರ್‌ನೆಟ್ ಕೂಡ ವೈಫೈಗಿಂತ ಕೇಬಲ್‌ನಲ್ಲೇ ಇರಲಿ. ಕೇಬಲ್ ಆಗದಿದ್ದರೆ ರೌಟರ್ ಇರುವ ಕೋಣೆಯಲ್ಲೇ ಕೂತುಕೊಳ್ಳಿ.

ಮೈಕನ್ನು ವಾದ್ಯದಿಂದ ಒಂದೂವರೆ ಎರಡು ಮೀಟರ್ ದೂರ ಇಡಿ. ತೀರಾ ಹತ್ತಿರ ಇಟ್ಟರೆ ಉಸಿರು, ಕಮಾನಿನ ಕರಕರ, ಬೆರಳು ಬಡಿಯುವ ಸದ್ದು ಎಲ್ಲ ಮುಂದೆ ಬರುತ್ತದೆ. ತೀರಾ ದೂರ ಹೋದರೆ ಕೋಣೆಯೇ ಕೇಳುತ್ತದೆ. ಒಂದು ಚಪ್ಪಾಳೆ ತಟ್ಟಿ ನೋಡಿ. ಗೋಡೆಗಳ ನಡುವೆ ಸದ್ದು ಟಣಟಣ ಅಂತ ಓಡಾಡಿದರೆ ಆ ಕೋಣೆ ಬೇಡ. ಬೇರೆ ಇಲ್ಲ ಅಂದರೆ ಪರದೆ, ಕಂಬಳಿ, ಪುಸ್ತಕದ ಕಪಾಟು, ಏನಿದೆಯೋ ಅದನ್ನು ಗೋಡೆ ಕಡೆಗೆ ಸೇರಿಸಿ. ನಿಮ್ಮ ತುಂಡುಗಳಲ್ಲಿ ಅತಿ ಜೋರಾದ ಜಾಗವನ್ನು ಮೊದಲು ನುಡಿಸಿ ಮಟ್ಟ ನೋಡಿ. ಮೀಟರ್ -12ರಿಂದ -6 ಡೆಸಿಬೆಲ್ ಒಳಗೆ ನಿಂತರೆ ಚೆನ್ನ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಇನ್ನೊಂದು ಮಾತು ಸೆಲ್ಲೊದವರಿಗೆ ಮಾತ್ರ: ಎಂಡ್‌ಪಿನ್ (ಸೆಲ್ಲೊ ನೆಲಕ್ಕೆ ಊರುವ ಕೆಳಗಿನ ಕಡ್ಡಿ) ಊರಿದ ಹಲಗೆಯ ಮೇಲೇ ಮೈಕ್ ಸ್ಟ್ಯಾಂಡ್ ಇಡಬೇಡಿ. ಕಂಪನ ಮರದ ಮೂಲಕ ನೇರ ಮೈಕಿಗೆ ಹೋಗಿ ಗುಡುಗುತ್ತದೆ.

ಈಗ ನಿಮ್ಮ ಐದು ಗಂಟೆಯ ವಿಷಯ. ಅದರಲ್ಲಿ ಒಂದು ಗಂಟೆಯನ್ನು ವಾರಕ್ಕೆ ಎರಡು ಸಲ ಇದಕ್ಕೇ ಕೊಡಿ. ಗೆಳತಿಗೆ ಕಾಲ್ ಮಾಡಿ. ಅದೇ ಕೋಣೆ, ಅದೇ ಕುರ್ಚಿ, ಅದೇ ಮೈಕ್. ಅವಳು ತನ್ನ ತುದಿಯಲ್ಲಿ ರೆಕಾರ್ಡ್ ಮಾಡಿ ಕಳಿಸಲಿ. ನೀವು ಕೇಳಬೇಕಾದ್ದು ಆ ರೆಕಾರ್ಡಿಂಗ್. ನಿಮ್ಮ ಕೋಣೆಯಲ್ಲಿ ಹೇಗೆ ಕೇಳಿತು ಅನ್ನುವುದು ಸಮಿತಿಗೆ ಗೊತ್ತೇ ಆಗುವುದಿಲ್ಲ. ಆಚೆ ತುದಿಯಲ್ಲಿ ಪಿಯಾನಿಸ್ಸಿಮೊ (ತೀರಾ ಮೆಲ್ಲಗೆ ನುಡಿಸುವ ಜಾಗ) ಸತ್ತುಹೋಗಿದ್ದರೆ ಅದನ್ನು ಒಂದು ಎಳೆ ಮೇಲೆ ಎತ್ತಿ. ಕೆಳಗಿನ ಸ್ವರಗಳು ಮಂಕಾಗಿದ್ದರೆ ಕಮಾನನ್ನು ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕಡೆ ಸ್ವಲ್ಪ ಸರಿಸಿ. ಇದು ದೊಡ್ಡ ಸಭಾಂಗಣಕ್ಕೆ ನುಡಿಸುವಾಗ ಮಾಡುವ ಹೊಂದಾಣಿಕೆಯ ಹಾಗೆಯೇ.

ನಡುವೆ ತಡೆಯಲೂ ಅವಳಿಗೆ ಹೇಳಿ. ಸಮಿತಿಯವರು ಇಡೀ ಭಾಗ ಕೇಳುವುದು ಕಡಿಮೆ. "ಸಾಕು, ರಿಕ್ಯಾಪಿಟ್ಯುಲೇಷನ್‌ನಿಂದ ನುಡಿಸಿ" ಎನ್ನುತ್ತೇವೆ, ಅಂದರೆ ಮೊದಲು ಕೇಳಿದ ರಾಗಗಳು ಮರಳಿ ಬರುವ ಜಾಗದಿಂದ. ಅದು ಇಷ್ಟವಾಗಲಿಲ್ಲ ಎಂದಲ್ಲ, ಸಮಯ ಅಷ್ಟೇ ಇರುವುದು. ದ್ವೋರ್ಝಾಕ್‌ನಲ್ಲಿ ಸೆಲ್ಲೊ ಬರುವ ಮೊದಲು ಮೂರು ನಿಮಿಷಕ್ಕೂ ಜಾಸ್ತಿ ವಾದ್ಯವೃಂದ ಇದೆ. ಆಡಿಷನ್‌ನಲ್ಲಿ ಅದು ಇರುವುದಿಲ್ಲ. ಆ ಮೂರು ನಿಮಿಷ ಮನಸ್ಸನ್ನು ಎತ್ತಿ ನಿಲ್ಲಿಸುವ ಕೆಲಸ ಮಾಡುತ್ತದೆ ಅಲ್ವಾ? ನೀವು ಅದಿಲ್ಲದೆ, ಬರೀ ಮೌನದಿಂದ ಆ ಮೊದಲ ಸ್ವರಕ್ಕೆ ಬರಬೇಕು. ದಿನಾ ಐದು ಸಲ ಬರೀ ಆ ಪ್ರವೇಶ ಅಭ್ಯಾಸ ಮಾಡಿ. ವಾದ್ಯವನ್ನು ಕೆಳಗಿಟ್ಟು, ಎದ್ದು ಓಡಾಡಿ ಬಂದು, ಕೂತು, ನುಡಿಸಿ.

ಪ್ರಶ್ನೆ: ಡಿಸೆಂಬರ್ 1ರೊಳಗೆ ಪ್ರಿಸ್ಕ್ರೀನಿಂಗ್ ವಿಡಿಯೊ (ಆಡಿಷನ್‌ಗೆ ಕರೆಯುವ ಮೊದಲು ಶಾಲೆ ನೋಡುವುದು) ಕಳಿಸಬೇಕು. ಸುಮ್ನೆ ನುಡಿಸಿದರೆ ಚೆನ್ನಾಗಿ ಬರುತ್ತದೆ. ಕೆಂಪು ಗುಂಡಿ ಒತ್ತಿದ ಕೂಡಲೇ ಕೈ ನಡುಗುತ್ತದೆ. ಹೋದ ಭಾನುವಾರ ಒಂದೇ ತುಂಡಿಗೆ ಮೂವತ್ತೆಂಟು ಟೇಕ್ ಮಾಡಿದೆ. ಕೊನೆಗೆ ಮೊದಲನೆಯದೇ ವಾಸಿ ಅನಿಸಿತು. ಪಿಟೀಲು ಮುಟ್ಟಲೇ ಬೇಜಾರಾಗಿದೆ.

ಉತ್ತರ: ಮೂವತ್ತೆಂಟು ಟೇಕ್ ಎಂದರೆ ತೋಳಿಗೂ ಕಿವಿಗೂ ಎಷ್ಟು ದಣಿವು ಅಂತ ನನಗೆ ಗೊತ್ತು. ಮೊದಲು ಎರಡು ದಿನ ಪಿಟೀಲಿನ ಪೆಟ್ಟಿಗೆ ಮುಚ್ಚಿಡಿ. ನಿಜವಾಗಿ ಹೇಳುತ್ತಿದ್ದೇನೆ.

ನಡುಕಕ್ಕೆ ಕಾರಣ ಗುಂಡಿ ಅಪರೂಪವಾಗಿರುವುದು. ಆಡಿಷನ್ ವಿಡಿಯೊ ಮಾಡುವ ದಿನ ಮಾತ್ರ ಅದನ್ನು ಒತ್ತುತ್ತೀರಿ. ಮುಂದಿನ ವಾರದಿಂದ ಅಭ್ಯಾಸ ಪೂರ್ತಿ ರೆಕಾರ್ಡ್ ಆಗಲಿ. ಸ್ವರಸಾಧನೆ, ಶ್ರುತಿ ಹಿಡಿಯುವುದು, ತಪ್ಪುವುದು, ಎಲ್ಲ. ಕೇಳಬೇಕಾಗಿಲ್ಲ, ಅಳಿಸಿಬಿಡಿ. ಹತ್ತು ದಿನದಲ್ಲಿ ಆ ಕೆಂಪು ಬೆಳಕು ಕೋಣೆಯ ದೀಪದಂತೆ ಆಗುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ. ಎರಡನೇ ವಾರ ಬಂದು, "ರೆಕಾರ್ಡಿಂಗ್ ಓಡುತ್ತಿದೆ ಅನ್ನೋದೇ ಮರೆತುಹೋಗಿತ್ತು" ಎಂದಳು.

ನಿಜವಾದ ರೆಕಾರ್ಡಿಂಗ್ ದಿನ ಒಂದು ತುಂಡಿಗೆ ಮೂರೇ ಟೇಕ್. ಮೂರು ಅಂತ ಮೊದಲೇ ಕಾಗದದಲ್ಲಿ ಬರೆದು ಸ್ಟ್ಯಾಂಡಿಗೆ ಅಂಟಿಸಿ. ಲೆಕ್ಕವಿಲ್ಲದೆ ಟೇಕ್ ಇದ್ದಾಗ, ತಪ್ಪಾದ ಕೂಡಲೇ ನಿಲ್ಲಿಸುವ ಚಟ ಬರುತ್ತದೆ. ಆಮೇಲೆ ತುಂಡಿನ ಮೊದಲ ಪುಟ ಮೂವತ್ತೆಂಟು ಸಲ ನುಡಿಸಿರುತ್ತೀರಿ, ಕೊನೆಯ ಪುಟ ನಾಲ್ಕು ಸಲ. ಮೂರೇ ಎಂದು ಗೊತ್ತಿದ್ದರೆ ತಪ್ಪನ್ನು ದಾಟಿ ಮುಂದೆ ಹೋಗುತ್ತೀರಿ. ಟೇಕ್‌ಗಳ ನಡುವೆ ವಾಪಸ್ ಕೇಳಬೇಡಿ. ಹತ್ತು ನಿಮಿಷ ಹೊರಗೆ ಹೋಗಿ ಬನ್ನಿ, ಮತ್ತೆ ಶ್ರುತಿ ನೋಡಿ, ಶುರುಮಾಡಿ. ಕೇಳುವುದು ಮರುದಿನ ಬೆಳಿಗ್ಗೆ. ಆ ದಿನವೇ ಕೇಳಿದರೆ ಕಿವಿಗೆ ಬರೀ ತಪ್ಪುಗಳೇ ಕೇಳುತ್ತವೆ. ಮರುದಿನ ಸಂಗೀತ ಕೇಳುತ್ತದೆ. ನಾಲ್ಕನೇ ಬೆರಳು ಒಂದು ಕಡೆ ಜಾರಿದ ಟೇಕ್ ಆದರೂ ಸರಿ, ಅದರಲ್ಲಿ ಉಸಿರಿದ್ದರೆ ಅದನ್ನೇ ಕಳಿಸಿ. ನಾವು ಸಮಿತಿಯಲ್ಲಿ ಮೊದಲ ಒಂದು ನಿಮಿಷದಲ್ಲಿ ಹುಡುಕುವುದು ಶ್ರುತಿ, ಲಯ, ದನಿ. ಒಂದು ಜಾರಿದ ಸ್ವರಕ್ಕೆ ನಾನು ಯಾರನ್ನೂ ಕೈಬಿಟ್ಟಿಲ್ಲ. ಹೆದರಿ ಹೆದರಿ ನುಡಿಸಿದ ಶುದ್ಧ ಟೇಕ್‌ಗಳನ್ನು ಕೈಬಿಟ್ಟಿದ್ದೇನೆ.

ಒಂದು ಭಾಗದ ಒಳಗೆ ಕತ್ತರಿಸಿ ಜೋಡಿಸುವಂತಿಲ್ಲ, ಗುಂಗು (ಕೃತಕ ಪ್ರತಿಧ್ವನಿ) ಸೇರಿಸುವಂತಿಲ್ಲ. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ನಿಲ್ಲಿಸಲು ಸಾಮಾನ್ಯವಾಗಿ ಬಿಡುತ್ತಾರೆ. ಆದರೂ ನೀವು ಅರ್ಜಿ ಹಾಕುವ ಪ್ರತಿ ಶಾಲೆಯ ನಿಯಮ ಬೇರೆಬೇರೆಯಾಗಿ ಓದಿ. ಕ್ಯಾಮೆರಾದಲ್ಲಿ ಮುಖ, ಎರಡೂ ಕೈ, ಕಮಾನಿನ ತುದಿಯವರೆಗೆ ಕಾಣಬೇಕು. ಕಿಟಕಿ ಬೆನ್ನಿಗೆ ಬೇಡ, ಎದುರಿಗಿರಲಿ. ಅಪ್‌ಲೋಡ್ ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ದೊಡ್ಡ ವಿಡಿಯೊ ಏರುವುದಕ್ಕೆ ಗಂಟೆಗಳೇ ಬೇಕಾಗಬಹುದು. ಏರಿದ ಮೇಲೆ ಒಂದು ಸಲ ಪೂರ್ತಿ ನೋಡಿ.

ಪ್ರಶ್ನೆ: ಮಗ ಆಡಿಷನ್‌ಗೆ ದುಬಾರಿ ಮೈಕ್, ಕ್ಯಾಮೆರಾ ಬೇಕು ಅನ್ನುತ್ತಾನೆ. ಕೊಡಿಸಲೇಬೇಕಾ?

ಉತ್ತರ: ಕ್ಯಾಮೆರಾ ಬೇಡ. ಈಗಿನ ಫೋನ್ ಸಾಕು, ಅಡ್ಡ ಹಿಡಿದು ಸ್ಟ್ಯಾಂಡ್ ಮೇಲೆ ಇಡಿ. ಮೈಕ್ ಮಾತ್ರ ಒಂದು ಸಾಧಾರಣ ಯುಎಸ್‌ಬಿ ಮೈಕ್ ಇದ್ದರೆ ಒಳ್ಳೆಯದು. ಲ್ಯಾಪ್‌ಟಾಪ್ ಒಳಗಿನ ಮೈಕ್ ಹತ್ತಿರದ ಮಾತಿಗೆ ಸರಿ, ಜೋರಾದ ವಾದ್ಯಕ್ಕೆ ಸಾಲದು. ಯಾರಾದರೂ ಎರವಲು ಕೊಟ್ಟರೆ ಅದೇ ಸಾಕು. ಆದರೆ ಹಿಂದಿನ ದಿನ ತಂದರೆ ಪ್ರಯೋಜನವಿಲ್ಲ, ಒಂದು ತಿಂಗಳು ಮೊದಲೇ ಬರಲಿ. ಉಳಿದ ಹಣ ಒಳ್ಳೆಯ ಪಿಯಾನೊ ಪಕ್ಕವಾದ್ಯದವರ ಜೊತೆ ಅಭ್ಯಾಸಕ್ಕೆ ಹೋಗಲಿ.

ಪ್ರಶ್ನೆ: ನಾನು ಕ್ಲಾರಿನೆಟ್ ನುಡಿಸುತ್ತೇನೆ. ನನಗೆ ಪಿಯಾನೊ ನುಡಿಸುವವರು ಬೇರೆ ಊರಿನಲ್ಲಿದ್ದಾರೆ. ಇಬ್ಬರೂ ಒಂದೇ ಕಾಲ್‌ಗೆ ಸೇರಿ ನುಡಿಸಬಹುದೇ?

ಉತ್ತರ: ಆಗುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಒಂದೇ ವೇದಿಕೆಯಲ್ಲಿ ಹತ್ತು ಮೀಟರ್ ದೂರ ಕೂತರೇ ಜೊತೆಯಾಗಿ ನುಡಿಸುವುದು ಕಷ್ಟವಾಗತೊಡಗುತ್ತದೆ. ವಿಡಿಯೊ ಕಾಲ್‌ನಲ್ಲಿ 150 ಮಿಲಿಸೆಕೆಂಡ್ ತಡವಾದರೆ ನಿಮ್ಮ ಪಿಯಾನೊ ಐವತ್ತು ಮೀಟರ್ ಆಚೆ ಇದ್ದಂತೆ. ನೀವು ಅವರಿಗೆ ಕಾಯುತ್ತೀರಿ, ಅವರು ನಿಮಗೆ ಕಾಯುತ್ತಾರೆ, ಲಯ ಜಗ್ಗುತ್ತಾ ಹೋಗುತ್ತದೆ.

ಶಾಲೆ ಒಪ್ಪಿದರೆ ಅವರು ನುಡಿಸಿದ ಪಿಯಾನೊವನ್ನು ಮೊದಲೇ ರೆಕಾರ್ಡ್ ಮಾಡಿಸಿ, ನಿಮ್ಮ ಕೋಣೆಯಲ್ಲಿ ಸ್ಪೀಕರ್‌ನಿಂದ ಹಾಕಿಕೊಂಡು ನುಡಿಸಿ. ನೀವು ಎಲ್ಲಿ ಉಸಿರು ತೆಗೆಯುತ್ತೀರಿ ಅಂತ ಗುರುತು ಹಾಕಿದ ಪುಟಗಳನ್ನು ಅವರಿಗೆ ಕಳಿಸಿ. ಇಲ್ಲವಾದರೆ ಆ ರೆಕಾರ್ಡಿಂಗ್ ನಿಮ್ಮ ಉಸಿರು ಕಟ್ಟಿಸುತ್ತದೆ. ಒಪ್ಪದಿದ್ದರೆ ಪಕ್ಕವಾದ್ಯವಿಲ್ಲದೆ ನುಡಿಸಬಹುದೇ ಎಂದು ಈಗಲೇ ಬರೆದು ಕೇಳಿ. ಎಷ್ಟೋ ಶಾಲೆಗಳು ಲೈವ್ ಪರದೆ ಆಡಿಷನ್‌ಗೆ ಅದನ್ನು ಒಪ್ಪುತ್ತವೆ.

ಪ್ರಶ್ನೆ: ನನ್ನ ಆಡಿಷನ್ ಮಾರ್ಚ್ ಮೂರನೇ ವಾರ, ಅಮೆರಿಕದ ಈಸ್ಟರ್ನ್ ಸಮಯ ಬೆಳಿಗ್ಗೆ 10 ಗಂಟೆಗೆ. ಜನವರಿಯಲ್ಲೇ ನಮ್ಮ ಸಮಯಕ್ಕೆ ಲೆಕ್ಕ ಹಾಕಿ ಗೋಡೆಗೆ ಬರೆದಿಟ್ಟಿದ್ದೇನೆ. ಬೇರೆ ಏನಾದರೂ ನೋಡಬೇಕಾ?

ಉತ್ತರ: ಗೋಡೆಯ ಮೇಲಿನದನ್ನು ಈಗಲೇ ಅಳಿಸಿ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನೀವಿರುವ ಕಡೆ ಗಡಿಯಾರ ಬದಲಾಗದಿದ್ದರೆ ನಿಮ್ಮ ಆಡಿಷನ್ ಜನವರಿಯ ಲೆಕ್ಕಕ್ಕಿಂತ ಒಂದು ಗಂಟೆ ಮೊದಲೇ ಬರುತ್ತದೆ. ಯುರೋಪಿನಲ್ಲಿ ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ, ಹಾಗಾಗಿ ಅಲ್ಲಿರುವವರಿಗೂ ನಡುವಿನ ವಾರಗಳಲ್ಲಿ ಇದೇ ತೊಡಕು. ಫೋನಿನ ಕ್ಯಾಲೆಂಡರ್‌ನಲ್ಲಿ ಈಸ್ಟರ್ನ್ ಸಮಯ ಆರಿಸಿಯೇ ದಾಖಲಿಸಿ, ಅದು ತಾನೇ ಸರಿಮಾಡಿ ತೋರಿಸುತ್ತದೆ. ಆಮೇಲೆ ಶಾಲೆಗೆ ಒಂದು ಸಾಲಿನ ಮೇಲ್ ಬರೆದು, ನಿಮ್ಮ ಸ್ಥಳೀಯ ಸಮಯವನ್ನೂ ಹಾಕಿ, ಸರಿ ಇದೆಯೇ ಅಂತ ಕೇಳಿ. ಆ ದಿನ ಒಂದು ಗಂಟೆ ಮುಂಚೆ ಎಲ್ಲ ಜೋಡಿಸಿ ಮುಗಿಸಿ. ಅರ್ಧ ಗಂಟೆ ಕಂಪ್ಯೂಟರ್ ಕಡೆ ಹೋಗದೆ ವಾದ್ಯದ ಜೊತೆ ಇರಿ.