ಫೋನ್ ಇರುವಾಗ ರೆಕಾರ್ಡರ್ ಯಾಕೆ?

ಪ್ರಶ್ನೆ: ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಪಾಠ ರೆಕಾರ್ಡ್ ಮಾಡಿಕೊಳ್ಳಲು ಮೇಷ್ಟ್ರು ಒಪ್ಪಿದ್ದಾರೆ. ಆದರೆ ಫೋನಿನಲ್ಲಿ ಮಾಡಿಕೊಂಡದ್ದನ್ನು ಮನೆಯಲ್ಲಿ ಕೇಳಿದರೆ ತಂಬೂರಿ ಶ್ರುತಿ ಒಮ್ಮೆ ಇರುತ್ತದೆ, ಒಮ್ಮೆ ಮಾಯ. ಗೆಳತಿ ಡಿಜಿಟಲ್ ರೆಕಾರ್ಡರ್ ತಗೋ ಅನ್ನುತ್ತಾಳೆ. ಅಣ್ಣ ದುಡ್ಡು ದಂಡ ಅನ್ನುತ್ತಾನೆ. ಯಾರ ಮಾತು ಕೇಳಲಿ?
– ಸಂಗೀತ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ವಿಷಯದಲ್ಲಿ ಗೆಳತಿ ಹೇಳಿದ್ದೇ ಸರಿ ಅನ್ನಿಸುತ್ತದೆ. ಆದರೂ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ.

ಫೋನಿನ ಮೈಕ್ ಕೆಟ್ಟದ್ದೇನಲ್ಲ. ತೊಂದರೆ ಇರುವುದು ಅದರ ಹಿಂದೆ ಕೆಲಸ ಮಾಡುವ ಸಾಫ್ಟ್‌ವೇರಿನಲ್ಲಿ. ಫೋನ್ ಮಾಡಿರುವುದು ಮಾತಿಗಾಗಿ ಅಲ್ವಾ, ಹಾಗಾಗಿ ಒಂದೇ ಸಮ ಬರುವ ಸದ್ದೆಲ್ಲ ಅದಕ್ಕೆ ಗಲಾಟೆ, ಫ್ಯಾನ್ ಇರಲಿ, ಬಸ್ಸಿನ ಎಂಜಿನ್ ಇರಲಿ, ನಿಮ್ಮ ತಂಬೂರಿ ಇರಲಿ, ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ ಅಳಿಸಲು ನೋಡುತ್ತದೆ. ಮೇಷ್ಟ್ರು ಹಾಡುವಾಗ ಶ್ರುತಿ ಇಣುಕುತ್ತದೆ, ಅವರು ನಿಲ್ಲಿಸಿದರೆ ಅದೂ ಮುಳುಗುತ್ತದೆ. ಕೆಲವು ರೆಕಾರ್ಡಿಂಗ್ ಆ್ಯಪ್‌ಗಳಲ್ಲಿ ಈ ಗಲಾಟೆ ತೆಗೆಯುವ ಕೆಲಸವನ್ನೂ, ತಾನಾಗಿ ಸದ್ದು ಏರಿಸಿ ಇಳಿಸುವುದನ್ನೂ ಆಫ್ ಮಾಡಬಹುದು. ಆಫ್ ಮಾಡಿ, ಎಂಪಿ3 ಬದಲು ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಹಾಗೇ ಇಡುವಂಥದ್ದು) ಆರಿಸಿ, ಒಂದು ಪಾಠ ರೆಕಾರ್ಡ್ ಮಾಡಿ ನೋಡಿ. ಶ್ರುತಿ ನಿಂತರೆ ಅಣ್ಣ ಗೆದ್ದ. ನಿಲ್ಲದಿದ್ದರೆ ರೆಕಾರ್ಡರ್ ತಗೊಳ್ಳಿ.

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ, ಇಲ್ಲಿ ಜನ ಎಡವುತ್ತಾರೆ. ಒಂದು ಜೇಬಿಗೆ ಹಿಡಿಸುವ ವಾಯ್ಸ್ ರೆಕಾರ್ಡರ್, ಸೋನಿಯ ಪಿಎಕ್ಸ್470 ತರಹದ್ದು. ಅದು ಮೀಟಿಂಗು, ಸಂದರ್ಶನಕ್ಕೆ ಸರಿ. ಇನ್ನೊಂದು ಸಂಗೀತಕ್ಕೂ ಆಗುವಂಥದ್ದು, ಝೂಮ್ ಎಚ್1ಎನ್, ಟ್ಯಾಸ್ಕ್ಯಾಮ್ ಡಿಆರ್-05ಎಕ್ಸ್ ಈ ಸಾಲಿನವು. ನಿಮಗೆ ಬೇಕಾಗಿರುವುದು ಎರಡನೆಯದು. ಇದರಲ್ಲಿ ಗೇನ್ ಅನ್ನು, ಅಂದರೆ ಎಷ್ಟು ಸದ್ದು ಒಳಗೆ ಹೋಗಬೇಕು ಅನ್ನುವುದನ್ನು, ನೀವೇ ಕೈಯಾರೆ ಇಡಬಹುದು. ಪೆಟ್ಟಿಗೆ ಮೇಲೆ ಏನೇ ಬರೆದಿರಲಿ, ಸಂಗೀತಕ್ಕೆ ನಾನು ಮೊದಲು ನೋಡುವುದು ಇದನ್ನೇ. ಆಟೋ ಲೆವೆಲ್, ಅಂದರೆ ಸದ್ದನ್ನು ತಾನಾಗಿ ಏರಿಸಿ ಇಳಿಸುವುದನ್ನು, ಹಾಕಿದರೆ ಮಂದ್ರದಲ್ಲಿ ಹಾಡಿದ್ದೂ ತಾರಕ್ಕೆ ಹೋದದ್ದೂ ಒಂದೇ ಜೋರಿನಲ್ಲಿ ಕೇಳುತ್ತದೆ, ನಡುವೆ ಮೌನ ಬಂದರೆ ಫ್ಯಾನಿನ ಸದ್ದು ಬುಸುಬುಸು ಏಳುತ್ತದೆ. ಆಟೋ ತೆಗೆದು, ಮೇಷ್ಟ್ರು ಜೋರಾಗಿ ಹಾಡಿದಾಗ ಪರದೆಯ ಮೇಲಿನ ಸದ್ದಿನ ಮೀಟರು ಮೈನಸ್ 12 ಡೆಸಿಬಲ್ ಆಸುಪಾಸು ಮುಟ್ಟುವ ಹಾಗೆ ಇಟ್ಟು ಬಿಟ್ಟುಬಿಡಿ. ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ, ಆಮೇಲೆ ಅದನ್ನು ಚೆನ್ನಾಗಿ ಸರಿಮಾಡಲು ಆಗುವುದಿಲ್ಲ.

ಕಾರ್ಡಿನ ಚಿಂತೆ ಬೇಡ. ಸಿಡಿಯ ಮಟ್ಟದಲ್ಲಿ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್ ವೇವ್‌ನಲ್ಲಿ ಸ್ಟೀರಿಯೋ ಮಾಡಿದರೆ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 635 ಎಂಬಿ. 32 ಜಿಬಿ ಕಾರ್ಡಿನಲ್ಲಿ ಸುಮಾರು 50 ಗಂಟೆ ಪಾಠ ಹಿಡಿಯುತ್ತದೆ. 96 ಕಿಲೋಹರ್ಟ್ಸ್ ಅಂತೆಲ್ಲ ಬರೆದಿರುತ್ತಾರೆ, ಮನೆ ಅಭ್ಯಾಸಕ್ಕೆ ಅದು ಸುಮ್ನೆ ಜಾಗ ತಿನ್ನುತ್ತದೆ ಅಷ್ಟೇ.

ಪ್ರಶ್ನೆ: ಡಿಗ್ರಿ ಓದುತ್ತಿದ್ದೇನೆ. ಕ್ಲಾಸಿನ ಪಾಠ ರೆಕಾರ್ಡ್ ಮಾಡಿಕೊಳ್ಳಲು ಯಾವ ರೆಕಾರ್ಡರ್ ಒಳ್ಳೆಯದು?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಯಾವುದೂ ಬೇಡ. ಲೆಕ್ಚರರ್ ಅನುಮತಿ ಕೇಳಿ, ಮೊದಲ ಬೆಂಚಿನಲ್ಲಿ ಕೂತು, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಅದರಲ್ಲೇ ಮಾಡಿ. ಕರೆ ಬಂದು ರೆಕಾರ್ಡಿಂಗ್ ನಿಂತುಹೋಗುವುದು ತಪ್ಪುತ್ತದೆ. ಕೊನೆಯ ಬೆಂಚಿನಲ್ಲಿ ಕೂತರೆ ಎಷ್ಟು ದುಬಾರಿ ರೆಕಾರ್ಡರ್ ಇದ್ದರೂ ಪಕ್ಕದವರ ಹರಟೆಯೇ ಚೆನ್ನಾಗಿ ಬರುವುದು.

ಪ್ರಶ್ನೆ: ನಮ್ಮ ಅಜ್ಜಿಗೆ ಬೀಸುವ ಪದ, ಸೋಬಾನ ಪದ ಬಹಳ ಬರುತ್ತವೆ. ಎಂಬತ್ತು ದಾಟಿದೆ, ದನಿ ಸಣ್ಣದಾಗಿದೆ. ಹಾಡಿಸಿ ಇಟ್ಟುಕೊಳ್ಳಬೇಕು ಅಂತ ಆಸೆ. ರೆಕಾರ್ಡರ್ ತರಲೇ?
– ಮೊಮ್ಮಗ, ಹಾವೇರಿ

ಉತ್ತರ: ತರುವವರೆಗೆ ಕಾಯಬೇಡಿ. ಇವತ್ತು ಸಂಜೆ ಫೋನಿನಲ್ಲೇ ಶುರು ಮಾಡಿ, ರೆಕಾರ್ಡರ್ ಬಂದ ಮೇಲೆ ಅವೇ ಪದಗಳನ್ನು ಇನ್ನೊಮ್ಮೆ ಹಾಡಿಸಿದರಾಯಿತು. ಅಜ್ಜಿಯರು ಎರಡನೇ ಸಲ ಹಾಡುವಾಗ ನುಡಿ ಸೇರಿಸುತ್ತಾರೆ, ಬಿಡುತ್ತಾರೆ, ಎರಡೂ ಇರಲಿ.

ಸಣ್ಣ ದನಿಗೆ ರೆಕಾರ್ಡರ್ ಸಹಾಯ ಮಾಡುವುದು ನಿಜ. ಅದಕ್ಕಿಂತ ಜಾಸ್ತಿ ಸಹಾಯ ಮಾಡುವುದು ದೂರ. ಮೈಕ್ ಎರಡು ಮೊಳ ದೂರ ಇದ್ದದ್ದನ್ನು ಒಂದು ಮೊಳಕ್ಕೆ ತಂದರೆ ಅಜ್ಜಿಯ ದನಿ 6 ಡೆಸಿಬಲ್ ಏರುತ್ತದೆ, ಆದರೆ ಕೋಣೆಯ ಗುಂಯ್‌ಗುಡುವಿಕೆ ಇದ್ದಷ್ಟೇ ಇರುತ್ತದೆ. ಹಾಗಾಗಿ ನಿಮ್ಮ ಬಜೆಟ್ ಸಣ್ಣದಾದರೆ ಸಾವಿರ ರೂಪಾಯಿ ಒಳಗೆ ಸಿಗುವ ತಂತಿಯ ಕಾಲರ್ ಮೈಕ್ ತಂದು ಫೋನಿಗೆ ಸಿಕ್ಕಿಸಿ, ಅಜ್ಜಿಯ ಸೆರಗಿಗೆ ಹಾಕಿ. ಸೆರಗು ಉಜ್ಜುವ ಸದ್ದು ಬರುತ್ತದಾ ಅಂತ ಮಾತ್ರ ಮೊದಲು ಹೆಡ್‌ಫೋನಿನಲ್ಲಿ ಕೇಳಿ ನೋಡಿ.

ಹಾಗಾದರೆ ರೆಕಾರ್ಡರ್ ಯಾವಾಗ ಬೇಕು? ಸೋಬಾನಕ್ಕೆ ಬೇಕು. ಅದು ಒಬ್ಬರ ಹಾಡಲ್ಲ, ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ, ಸೆರಗಿನ ಮೈಕಿಗೆ ಹಿಂದಿನವರು ಸಿಗುವುದೇ ಇಲ್ಲ. ಆಗ ಎರಡು ಮೈಕಿನ ರೆಕಾರ್ಡರನ್ನು ಹೆಂಗಸರ ನಡುವೆ ಸಣ್ಣ ಟ್ರೈಪಾಡಿನ ಮೇಲೆ ಇಟ್ಟರೆ ಯಾರು ಎಡಕ್ಕೆ ಕೂತಿದ್ದರು, ಯಾರು ಬಲಕ್ಕೆ ಅನ್ನುವುದೂ ಕೇಳುತ್ತದೆ.

ಬೀಸುವ ಪದವನ್ನು ನಿಜವಾಗಿ ಬೀಸುಕಲ್ಲಿನ ಮುಂದೆ ಹಾಡಿಸುವಿರಾದರೆ (ಹಾಡಿಸಿ, ಕಲ್ಲು ತಿರುಗಿದರೆ ಲಯ ತಾನಾಗಿ ಬರುತ್ತದೆ) ರೆಕಾರ್ಡರನ್ನು ನೆಲದ ಮೇಲೆ ಇಡಬೇಡಿ. ಕಲ್ಲಿನ ನಡುಕ ನೆಲದಿಂದ ನೇರ ಮೈಕಿಗೆ ಹತ್ತಿ ಗುಡುಗಿದ ಹಾಗೆ ಕೇಳುತ್ತದೆ. ಮಡಿಸಿದ ಕಂಬಳಿ ಮೇಲಿಡಿ, ಮೆನುವಿನಲ್ಲಿ ಲೋ ಕಟ್ (ತಗ್ಗಿನ ಗುಡುಗುಡು ಸದ್ದನ್ನು ಕತ್ತರಿಸುವುದು) ಅಂತ ಇದ್ದರೆ ಆನ್ ಮಾಡಿ. ಅಂಗಳದಲ್ಲಿ ಮಾಡುವುದಾದರೆ ಗಾಳಿ ತಡೆಯಲು ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಸಾಲದು, ಕೂದಲಿರುವ ಟೋಪಿ ಸಿಗುತ್ತದೆ, ಅದನ್ನು ತಗೊಳ್ಳಿ.

ಇನ್ನೊಂದು. ಪ್ರತಿ ಪದದ ಮೊದಲು ನೀವೇ ತಾರೀಖು, ಊರು, ಹಾಡುವವರ ಹೆಸರು ಹೇಳಿಬಿಡಿ. ಕಾರ್ಡಿನಲ್ಲಿ ಉಳಿಯುವುದು ಬರೀ ನಂಬರು ಹೊತ್ತ ಫೈಲುಗಳು, ಐದು ವರ್ಷ ಬಿಟ್ಟು ನೋಡಿದರೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ.

ಪ್ರಶ್ನೆ: ರಾತ್ರಿ ಪೂರ್ತಿ ಯಕ್ಷಗಾನ ರೆಕಾರ್ಡ್ ಮಾಡಬೇಕು. ಫೋನಿನಲ್ಲಿ ಚೆಂಡೆ ಬಂದ ಕೂಡಲೇ ಭಾಗವತರ ದನಿ ಕುಗ್ಗುತ್ತದೆ. 32 ಬಿಟ್ ಫ್ಲೋಟ್ ಇರುವ ರೆಕಾರ್ಡರಿನಲ್ಲಿ ಈ ತೊಂದರೆ ಇಲ್ಲವಂತೆ, ನಿಜವೇ?
– ಯಕ್ಷಗಾನ ಪ್ರಿಯ, ಕುಂದಾಪುರ

ಉತ್ತರ: ಅರ್ಧ ನಿಜ. ದನಿ ಕುಗ್ಗುವುದು ಆಟೋ ಲೆವೆಲ್ ಮಾಡುವ ಕಿತಾಪತಿ, ಚೆಂಡೆ ಪೆಟ್ಟಿಗೆ ಹೆದರಿ ಅದು ಎಲ್ಲವನ್ನೂ ತಗ್ಗಿಸುತ್ತದೆ. ಗೇನ್ ಕೈಯಾರೆ ಇಡಬಹುದಾದ ಯಾವ ರೆಕಾರ್ಡರಿನಲ್ಲೂ ಅದು ತಪ್ಪುತ್ತದೆ. 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ತೀರಾ ಸಣ್ಣ ಸದ್ದನ್ನೂ ತೀರಾ ದೊಡ್ಡ ಸದ್ದನ್ನೂ ಒಡೆಯದೆ ಬರೆದುಕೊಳ್ಳುವ ಬಗೆಯಲ್ಲಿ, ಉದಾಹರಣೆಗೆ 2024ರಲ್ಲಿ ಬಂದ ಝೂಮ್ ಎಚ್1 ಎಸೆನ್ಷಿಯಲ್‌ನಲ್ಲಿ, ಗೇನ್ ಇಡುವ ಗೋಜೇ ಇಲ್ಲ, ಸದ್ದು ಜಾಸ್ತಿಯಾದದ್ದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬಹುದು. ಆದರೆ ಮೈಕಿಗೂ ತಾಳುವ ಮಿತಿ ಇದೆ. ರಂಗಸ್ಥಳದ ಅಂಚಿಗೆ, ಚೆಂಡೆಯ ಬುಡದಲ್ಲೇ ಇಟ್ಟರೆ ಮೈಕೇ ಒಡೆದ ಸದ್ದನ್ನು ಕಳಿಸುತ್ತದೆ, ಅದಕ್ಕೆ ಫ್ಲೋಟ್ ಏನೂ ಮಾಡಲಾರದು. ಧ್ವನಿವರ್ಧಕದ ಪೆಟ್ಟಿಗೆ ಮುಂದೆಯೂ ಬೇಡ. ಸ್ವಲ್ಪ ಹಿಂದೆ, ಜನರ ತಲೆಗಿಂತ ಎತ್ತರದಲ್ಲಿ ಇಡಿ.

ಇನ್ನೂ ಒಳ್ಳೆಯ ದಾರಿ ಅಂದರೆ ಮೈಕ್ ಸೆಟ್ಟಿನವರನ್ನು ಮಾತಾಡಿಸಿ, ಅವರ ಮಿಕ್ಸರಿನಿಂದ ಒಂದು ತಂತಿ ನಿಮ್ಮ ರೆಕಾರ್ಡರಿನಲ್ಲಿ ಬೇರೆ ಯಂತ್ರದ ಸದ್ದು ತೆಗೆದುಕೊಳ್ಳಲು ಇರುವ ತೂತು, ಲೈನ್ ಇನ್‌ಗೆ ಕೊಡಿಸಿಕೊಳ್ಳುವುದು. ಭಾಗವತರ ದನಿ ಸ್ಪಷ್ಟವಾಗಿ ಬರುತ್ತದೆ, ಪ್ರೇಕ್ಷಕರ ಸದ್ದು ಮಾತ್ರ ಅಷ್ಟಾಗಿ ಇರುವುದಿಲ್ಲ.

ರಾತ್ರಿ ಪೂರ್ತಿ ಅಂದಿರಿ. 8 ಗಂಟೆಗೆ 16 ಬಿಟ್ ವೇವ್‌ನಲ್ಲಿ 5 ಜಿಬಿ ಬೇಕು, 32 ಬಿಟ್ ಫ್ಲೋಟ್‌ನಲ್ಲಿ ಅದರ ಎರಡರಷ್ಟಾದರೂ ಬೇಕು. ಫೈಲ್ ಅಲ್ಲಲ್ಲಿ ತುಂಡಾಗಿ ಉಳಿದರೆ ಗಾಬರಿಯಾಗಬೇಡಿ, ಒಂದು ಅಳತೆ ದಾಟಿದರೆ ಬಹಳಷ್ಟು ರೆಕಾರ್ಡರುಗಳು ತಾವಾಗಿ ಹೊಸ ಫೈಲ್ ಶುರು ಮಾಡುತ್ತವೆ. ಬ್ಯಾಟರಿ ನಂಬಬೇಡಿ, ಯುಎಸ್‌ಬಿಯಿಂದ ಓಡುವಂಥದ್ದನ್ನೇ ತಗೊಂಡು ಪವರ್ ಬ್ಯಾಂಕ್ ಸಿಕ್ಕಿಸಿ. ಮೇಳದವರ ಒಪ್ಪಿಗೆ ಆಟ ಶುರುವಾಗುವ ಮೊದಲೇ ಕೇಳಿ, ಯೂಟ್ಯೂಬಿಗೆ ಹಾಕುವ ಯೋಚನೆ ಇದ್ದರೆ ಅದನ್ನೂ ಆಗಲೇ ಹೇಳಿಬಿಡಿ.